ಒಳಗಿನ ಎನ್, ಹೊರಗಿನ ಎನ್

ಇಚಲಕರಂಜಿ
12 ಜನವರಿ 1988

ಪಾಟೀಲ ಸರ್ ಅವರಿಗೆ ಚೆನ್ನವ್ವ ಹತ್ತರಕಿಯ ನಮಸ್ಕಾರಗಳು.

ಹೋದ ವರ್ಷ ಕೊಲ್ಹಾಪುರದ ನಿಮ್ಮ ಕಂಪ್ಯೂಟರ್ ಕ್ಲಾಸಿಗೆ ಗಡಹಿಂಗ್ಲಜದಿಂದ ಬರುತ್ತಿದ್ದವಳು ನಾನು. ಇಲ್ಲಿಯ ನೇಕಾರರ ಸೊಸೈಟಿಗೆ ನೂಲು ಹಂಚುವ ಪ್ರೋಗ್ರಾಮು ಬರೆದುಕೊಟ್ಟವರು ನೀವು; ಅದನ್ನು ನಡೆಸಲು ನನ್ನನ್ನು ತಂದು ಕೂರಿಸಿದವರೂ ನೀವೇ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಹೆಡ್ ಕ್ಲಾರ್ಕ್ ಬಾಳಾಸಾಹೇಬರಿಗೆ ಎಲ್ಲರ ಟಪಾಲು ಒಡೆದು ಓದುವ ಅಭ್ಯಾಸ. ಕನ್ನಡ ಅಕ್ಷರ ಮಾತ್ರ ಅವರಿಗೆ ಬರುವುದಿಲ್ಲ. ಕನ್ನಡ ಶಾಲೆ ಕಲಿತದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ.

ನಿನ್ನೆ ಸೋಮವಾರ ನೂಲು ಹಂಚುವ ದಿನ. ಹನ್ನೆರಡು ಗಲ್ಲಿಗಳ ಮಗ್ಗದ ಶೆಡ್ಡುಗಳಿಗೆ ಹದಿನೈದು ದಿನಕ್ಕೊಮ್ಮೆ ನಾವು ನೂಲು ಕೊಡುವುದು ನಿಮಗೆ ಗೊತ್ತು. ಕಂಪ್ಯೂಟರ್ ಮಶೀನು ಒಂದೊಂದೇ ಗಲ್ಲಿ ಹಿಡಿದು ಅಲ್ಲಿಯ ಪ್ರತಿ ಶೆಡ್ಡಿನ ಹೆಸರಿಗೆ ಚೀಟಿ ಹೊಡೆಯುತ್ತದೆ. ಗೋದಾಮಿನವನು ಚೀಟಿ ನೋಡಿ ನೂಲಿನ ಚೀಲ ಕೊಡುತ್ತಾನೆ. ನಿನ್ನೆ ನಾಲ್ಕನೇ ಗಲ್ಲಿ ಮುಗಿದ ಮೇಲೆ ನೇರ ಎಂಟನೆಯದು ಬಂದಿದೆ. ಐದು, ಆರು, ಏಳರ ಚೀಟಿಗಳೇ ಇಲ್ಲ.

ಕಿಟಕಿಗೆ ಜನ ಮುತ್ತಿದರು. ಏಳನೇ ಗಲ್ಲಿಯಲ್ಲಿ ಆರು ಮಗ್ಗ ಇಟ್ಟುಕೊಂಡಿರುವ ಜಿನಗೊಂಡ ಎಂಬ ಹಿರಿಯರು, "ನಾವೇನ ಸತ್ತ ಹೋಗೇವೇನವಾ? ಹೆಸರ ಯಾಕ ಬರಲಿಲ್ಲ?" ಎಂದು ಕೇಳಿದರು. ಕೈಯಿಂದ ಚೀಟಿ ಬರೆದುಕೊಡೋಣ ಎಂದೆ. ಬಾಳಾಸಾಹೇಬರು ಒಪ್ಪಲಿಲ್ಲ. "ಮಶೀನಚ್ಯಾ ಚಿಠ್ಠೀಶಿವಾಯ ಏಕ ಕೋನಸುದ್ಧಾ ನಾಹೀ" ಎಂದರು. ಮಶೀನಿನ ಚೀಟಿ ಇಲ್ಲದಿದ್ದರೆ ನೂಲು ಸುತ್ತಿದ ಒಂದು ಕೋನೂ ಇಲ್ಲವಂತೆ. ನೂಲು ಗೋದಾಮಿನಲ್ಲಿದೆ, ಮಗ್ಗ ಗಲ್ಲಿಯಲ್ಲಿದೆ, ನಡುವೆ ಬಾಳಾಸಾಹೇಬರಿದ್ದಾರೆ. ಮೂರು ಗಲ್ಲಿಗಳು ನಿಂತಿವೆ.

ಪ್ರಿಂಟರ್ ನಡೆಯುತ್ತಿದ್ದಾಗ ನಾನು ಊಟಕ್ಕೆ ಹೋಗಿದ್ದೆ. ಏನಾಗಿರಬಹುದು ತಿಳಿಸಿರಿ.

ನಿಮ್ಮ ವಿದ್ಯಾರ್ಥಿನಿ
ಚೆನ್ನವ್ವ


ಕೊಲ್ಹಾಪುರ
16 ಜನವರಿ 1988

ಕುಮಾರಿ ಹತ್ತರಕಿ,

ನಿನ್ನ ನೆನಪಿದೆ. ನಾನು ಬೋರ್ಡಿನ ಮೇಲೆ ಸಾಲು ಪೂರ್ತಿ ಬರೆಯುವುದರೊಳಗೆ ಕೈ ಎತ್ತುತ್ತಿದ್ದವಳು. ಪ್ರಶ್ನೆ ಕೇಳುವುದನ್ನೇ ಬುದ್ಧಿ ಎಂದು ತಿಳಿದವರು ನನ್ನ ಕ್ಲಾಸಿಗೆ ವರ್ಷವೂ ಬರುತ್ತಾರೆ, ಬಂದ ಹಾಗೆಯೇ ಹೋಗುತ್ತಾರೆ.

ಯಂತ್ರ ಗಲ್ಲಿ ಮರೆಯುತ್ತದೆ ಎಂಬ ಅರ್ಥದಲ್ಲಿ ನೀನು ಬರೆದಿದ್ದೀಯೆ. ನಿಮ್ಮ ಊರಿನವರು ಹೀಗೆ ಮಾತಾಡಿದರೆ ನನಗೆ ಆಶ್ಚರ್ಯವಿಲ್ಲ. ಯಂತ್ರ ಬಂದ ದಿನ ನಿಮ್ಮ ಚೇರಮನ್ ಅದಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ಒಡೆದ ತೆಂಗಿನಕಾಯಿಯ ನೀರನ್ನು ಕೀಬೋರ್ಡಿನ ಮೇಲೇ ಸುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ನಡುವೆ ಇದ್ದು ನೀನೂ ಅವರಂತೆಯೇ ಆಗುತ್ತಿದ್ದೀಯೆ.

ಕ್ಲಾಸಿನಲ್ಲಿ ಹೇಳಿದ್ದನ್ನು ಇನ್ನೊಮ್ಮೆ ಹೇಳುತ್ತೇನೆ, ಕಡೆಯ ಸಲ. ಪ್ರೋಗ್ರಾಮಿನಲ್ಲಿ ಒಂದೊಂದು ಕೆಲಸಕ್ಕೆ ಬರೆದ ತುಂಡು, ಅಂದರೆ ಪ್ರತಿಯೊಂದು ಪ್ರೊಸೀಜರ್, ಒಂದು ಮನೆ. ಮನೆಯೊಳಗೆ ಮನೆ ಕಟ್ಟಬಹುದು. ಒಳಮನೆಯಲ್ಲಿ ಯಾವುದಕ್ಕೆ ಏನು ಹೆಸರಿಟ್ಟರೂ ಅದು ಗೋಡೆ ದಾಟಿ ಹೊರಮನೆಗೆ ಬರುವುದಿಲ್ಲ. ನನ್ನ ಪ್ರೋಗ್ರಾಮು ಈ ಶಿಸ್ತಿನಲ್ಲಿ ಕಟ್ಟಿದ್ದು. ಅದು ಒಂದರಿಂದ ಹನ್ನೆರಡರವರೆಗೆ ಎಣಿಸುತ್ತದೆ. ಅಷ್ಟು ಎಣಿಕೆ ಬಾಲವಾಡಿಯ ಮಕ್ಕಳಿಗೂ ಬರುತ್ತದೆ.

ನೀನು ಅದರಲ್ಲಿ ಏನಾದರೂ ಕೈಯಾಡಿಸಿದ್ದೀಯಾ? ಇಲ್ಲವಾದರೆ ಉತ್ತರ ಸರಳ. ಮೂರು ಗಲ್ಲಿಗಳ ಚೀಟಿಗಳು ಯಂತ್ರದಿಂದ ಬಂದಿವೆ, ಜನರಿಗೆ ಸಿಕ್ಕಿಲ್ಲ. ನಡುವೆ ಇರುವವನು ಗೋದಾಮಿನವನು. ನೀನು ಊಟಕ್ಕೆ ಹೋದಾಗ ಹರಿದುಕೊಂಡಿದ್ದಾನೆ. ಅಂಥವರ ಕೈಗೆ ಬೀಗದ ಕೈ ಕೊಟ್ಟ ಮೇಲೆ ಯಂತ್ರವನ್ನು ಯಾಕೆ ಬೈಯುತ್ತೀರಿ? ಕಳ್ಳ ಅಲ್ಲೇ ಇದ್ದಾನೆ, ಅವನನ್ನು ವಿಚಾರಿಸಿರಿ.

ಬಾ. ಆ. ಪಾಟೀಲ


ಇಚಲಕರಂಜಿ
27 ಜನವರಿ 1988

ಪಾಟೀಲ ಸರ್ ಅವರಿಗೆ,

ನಿಮ್ಮ ಪತ್ರ ಬಂದಾಗ ಬಾಳಾಸಾಹೇಬರು ಮೇಜಿನ ಎದುರೇ ನಿಂತಿದ್ದರು. ಕೊಲ್ಹಾಪುರದ ಸಾಹೇಬರು ಏನು ಹೇಳುತ್ತಾರೆ ಓದು ಎಂದರು. ನಾನು ಮರಾಠಿಯಲ್ಲಿ ಓದಿ ಹೇಳಿದೆ. ಗೋದಾಮಿನವನ ಬಗ್ಗೆ ನೀವು ಬರೆದ ಸಾಲುಗಳನ್ನು ಎರಡು ಸಲ ಓದಿಸಿಕೊಂಡರು. ತೆಂಗಿನಕಾಯಿಯ ಸಾಲು ಬಿಟ್ಟೆ.

ಅವನ ಹೆಸರು ಹಣಮಂತ. ಅಥಣಿ ಕಡೆಯವನು. ಇಲ್ಲಿ ಮಗ್ಗ ನಡೆಸಲು ಬಂದವನು ಗೋದಾಮಿಗೆ ಸೇರಿ ಬಹಳ ವರ್ಷವಾಯಿತು. ಮೊನ್ನೆ ಸೋಮವಾರದವರೆಗೆ ಅವನನ್ನು ಬರೀ ಬೈಯುತ್ತಿದ್ದರು. ಆ ಸೋಮವಾರ ಇನ್ನೊಂದು ನಡೆಯಿತು. ಈ ಸಲ ಯಾವ ಗಲ್ಲಿಯೂ ತಪ್ಪಲಿಲ್ಲ. ಬದಲಾಗಿ ಎರಡು, ಮೂರು, ನಾಲ್ಕನೇ ಗಲ್ಲಿಗಳಿಗೆ ಎರಡೆರಡು ಸಲ ಚೀಟಿ ಬಂತು. ಮೂರನೇ ಗಲ್ಲಿಯಲ್ಲಿ ಹಣಮಂತನ ಹೆಂಡತಿಯ ಅಣ್ಣನ ಶೆಡ್ಡಿದೆ. ಬಾಳಾಸಾಹೇಬರಿಗೆ ಇಷ್ಟು ಸಾಕಾಯಿತು. ನಾನು ಇಲ್ಲದಾಗ ಮಶೀನಿನ ಕೋಣೆಗೆ ಹೋಗಿ ಬಟನ್ ಒತ್ತಿ ಇನ್ನೊಮ್ಮೆ ಚೀಟಿ ಹೊಡೆಸಿಕೊಂಡಿದ್ದಾನಂತೆ. ಹಣಮಂತ ಆ ಕೋಣೆಯ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲುವವನು. ಫ್ಯಾನಿನ ಸ್ವಿಚ್ಚು ಹಾಕು ಎಂದರೂ, "ಬ್ಯಾಡ್ರಿ ಅಕ್ಕಾರ, ಏನರ ಆದೀತ" ಎನ್ನುತ್ತಾನೆ.

ಚೇರಮನ್‌ರು ಇವತ್ತು ಬೆಳಿಗ್ಗೆ ಅವನನ್ನು ಕೆಲಸದಿಂದ ನಿಲ್ಲಿಸಿದರು. ವಿಚಾರಣೆ ಆಗುವವರೆಗೆ ಮನೆಯಲ್ಲಿರಬೇಕು. ಆದೇಶದಲ್ಲಿ "ಕೊಲ್ಹಾಪುರದ ತಜ್ಞರ ಅಭಿಪ್ರಾಯದಂತೆ" ಎಂದು ಬರೆದಿದ್ದಾರೆ. ತಜ್ಞರು ನೀವು. ಇಲ್ಲಿ ಕಾಲಿಡದೆ, ಒಂದು ಚೀಟಿಯನ್ನೂ ನೋಡದೆ ಅಷ್ಟು ದೂರದಿಂದ ಕಳ್ಳನನ್ನು ಹಿಡಿದಿರಿ. ಪೊಲೀಸರಿಗೂ ಈ ವಿದ್ಯೆ ಕಲಿಸಬಹುದು.

ನೀವು ಕೇಳಿದಿರಿ, ನಾನು ಪ್ರೋಗ್ರಾಮಿನಲ್ಲಿ ಕೈಯಾಡಿಸಿಲ್ಲ.

ಚೆನ್ನವ್ವ ಹತ್ತರಕಿ


ಕೊಲ್ಹಾಪುರ
1 ಫೆಬ್ರವರಿ 1988

ಕುಮಾರಿ ಹತ್ತರಕಿ,

ನಿನಗೆ ಬರೆದ ಪತ್ರವನ್ನು ಕಚೇರಿಯಲ್ಲಿ ಪುರಾಣದಂತೆ ಓದಿ ಹೇಳುವ ಅಧಿಕಾರ ಯಾರು ಕೊಟ್ಟರು? ನಾನು ಅಭಿಪ್ರಾಯ ಕೊಟ್ಟದ್ದು ನಿನಗೆ. ಆದೇಶಕ್ಕೆ ಅಂಟಿಸಲು ಅಲ್ಲ. ನಿಮ್ಮ ಚೇರಮನ್‌ರಿಗೆ ಓದುಬರಹ ಎಷ್ಟು ಬರುತ್ತದೋ ನನಗೆ ಗೊತ್ತಿದೆ. "ತಜ್ಞ" ಎಂಬ ಪದವನ್ನು ಅವರು ಎಲ್ಲಿಂದ ತಂದರು ಎಂಬುದೇ ನನಗೆ ಕುತೂಹಲ.

ಒಂದು ಮಾತು ಸ್ಪಷ್ಟವಾಗಿ ಬರೆ. ಎರಡು, ಮೂರು, ನಾಲ್ಕರ ಚೀಟಿಗಳು ಎರಡನೇ ಸಲ ಬಂದದ್ದು ಎಲ್ಲಿ? ಹನ್ನೆರಡೂ ಮುಗಿದ ಮೇಲೆ ಕಡೆಯಲ್ಲಿಯೋ, ಅಥವಾ ನಾಲ್ಕು ಮುಗಿದ ಕೂಡಲೇ ಮತ್ತೆ ಎರಡರಿಂದ ಶುರುವಾಯಿತೋ? ಯಾರೋ ಬಟನ್ ಒತ್ತಿದ್ದರೆ ಒಂದರಿಂದ ಶುರುವಾಗಬೇಕಿತ್ತು. ನಿಮ್ಮ ಬಾಳಾಸಾಹೇಬರಿಗೆ ಇದು ಹೊಳೆಯುವುದಿಲ್ಲ ಎಂಬುದು ಸರಿ, ನಿನಗೂ ಹೊಳೆಯಲಿಲ್ಲ.

ಪ್ರೋಗ್ರಾಮಿನ ಫ್ಲಾಪಿಯ ಒಂದು ಪ್ರತಿ ಮಾಡಿ ನನಗೆ ಕಳಿಸು. ಕಳಿಸಿದ್ದನ್ನು ಯಾರಿಗೂ ಹೇಳಬೇಡ. ಸೊಸೈಟಿಯವರು ಗೋದಾಮಿಗೆ ನನ್ನ ಮೂಲಕ ಎರಡನೇ ಯಂತ್ರ ಕೊಳ್ಳುವ ಮಾತಾಡುತ್ತಿದ್ದಾರೆ. ಈ ಹೊತ್ತಿನಲ್ಲಿ ಅಡ್ಡಮಾತು ಬೇಡ.

ಬಾ. ಆ. ಪಾಟೀಲ


ಇಚಲಕರಂಜಿ
9 ಫೆಬ್ರವರಿ 1988

ಪಾಟೀಲ ಸರ್ ಅವರಿಗೆ,

ಫ್ಲಾಪಿ ಕಳಿಸುವುದಿಲ್ಲ. ಯಾರಿಗೂ ಹೇಳಬೇಡ ಎಂದು ನೀವು ಬರೆದ ಕೂಡಲೇ ನನಗೆ ಅರ್ಥವಾಯಿತು. ನೀವು ಇದೇ ಪ್ರೋಗ್ರಾಮನ್ನು ಹೆಸರು ಬದಲಿಸಿ ಬೇರೆ ಸೊಸೈಟಿಗಳಿಗೂ ಕೊಡುತ್ತೀರಿ ಎಂದು ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಈಗ ಅದರಲ್ಲಿ ನಾನು ಕುಳಿತು ಮಾಡಿದ ಸುಧಾರಣೆ ಸೇರಿದೆ. ಅದು ನನ್ನ ಬುದ್ಧಿಯಿಂದ ಆದದ್ದು. ಅದಕ್ಕೂ ನಿಮ್ಮ ಹೆಸರು ಬೀಳುವುದು ಬೇಡ.

ನಿನ್ನೆ ಮತ್ತೆ ನೂಲು ಹಂಚಿದೆವು. ಈ ಸಲ ಹನ್ನೆರಡೂ ಗಲ್ಲಿ ಸರಿಯಾಗಿ ಬಂದವು. ಒಂದೂ ತಪ್ಪಲಿಲ್ಲ, ಒಂದೂ ಹೆಚ್ಚಾಗಲಿಲ್ಲ. ಬಾಳಾಸಾಹೇಬರು ಇಡೀ ಕಚೇರಿಗೆ ಚಹಾ ತರಿಸಿದರು. "ಚೋರ ಗೇಲಾ, ಮಶೀನ ಸುಧಾರಲೀ" ಎಂದು ನಕ್ಕರು. ಕಳ್ಳ ಹೋದ, ಮಶೀನು ನೆಟ್ಟಗಾಯಿತು ಎಂದು. ಎಲ್ಲರೂ ನಕ್ಕರು. ನಾನು ಚಹಾ ಕುಡಿದೆ.

ಸಂಜೆ ಹಣಮಂತನ ಹೆಂಡತಿ ರಾಯವ್ವ ನಾನಿರುವ ಖೋಲಿಗೆ ಬಂದಿದ್ದಳು. ಮನೆಯಲ್ಲಿ ಕುಳಿತು ಮಗ್ಗದವರಿಗೆ ಲಾಳಿಯಲ್ಲಿಡುವ ನೂಲಿನ ಕಾಂಡಿ ಸುತ್ತಿಕೊಡುವ ಹೆಂಗಸು. ಒಳಗೆ ಕರೆದರೆ ಬರಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು.

"ಅಕ್ಕಾರ, ಐದ, ಆರ, ಏಳನೇ ಗಲ್ಲಿಯವ್ರ ನೂಲ ಅವತ್ತ ಗೋದಾಮಿನ್ಯಾಗ ಹಾಂಗ ಬಿದ್ದಿತ್ತ. ಕದಿಯಾಂವ ಆಗಿದ್ರ ಮಾಲ ಅಲ್ಲೇ ಯಾಕ ಬಿಡತಿದ್ನ್ರಿ?"

ನನಗೆ ಗೊತ್ತಿಲ್ಲ ಎಂದೆ.

"ನಿಮಗ ಗೊತ್ತಿಲ್ಲಂದ್ರ ಯಾರಿಗಿ ಗೊತ್ತೈತ್ರಿ? ನಳದ ಮುಂದ ನನ್ನ ಕೊಡಾ ಹಿಂದ ಸರಸಾಕತ್ತಾರ. ಕಳ್ಳನ ಹೇಂತಿ ಕಡೀಕ ನಿಂದ್ರಲಿ ಅಂತಾರ. ನಮ್ಮ ಮನ್ಯಾವ್ರು ಬಾಗಲಾ ಹಾಕ್ಕೊಂಡ ಕುಂತಾರ. ಉಣ್ಣಂದ್ರ ಉಣ್ಣೂದಿಲ್ಲ."

ಅವಳು ಬೇಡಲು ಬಂದಿರಲಿಲ್ಲ. ಕೇಳಲು ಬಂದಿದ್ದಳು. ಸೆರಗು ಸರಿಮಾಡಿಕೊಂಡು ಹೋದಳು.

ಎರಡನೇ ಸೋಮವಾರ ನಾಲ್ಕನೇ ಗಲ್ಲಿ ಮುಗಿದ ಕೂಡಲೇ ಚೀಟಿ ಮತ್ತೆ ಎರಡರಿಂದ ಶುರುವಾಯಿತು. ಪಟ್ಟಿ ತೆಗೆದು ನೋಡಿದೆ. ಕೇಳಿದಿರಿ ಎಂದು ಬರೆದಿದ್ದೇನೆ, ನಿಮ್ಮ ಮೇಲಿನ ಗೌರವದಿಂದ ಅಲ್ಲ.

ಚೆನ್ನವ್ವ ಹತ್ತರಕಿ


ಕೊಲ್ಹಾಪುರ
12 ಫೆಬ್ರವರಿ 1988
(ಕಾರ್ಡು)

ಏನು ಸುಧಾರಣೆ? ಕೈಯಾಡಿಸಿಲ್ಲ ಎಂದು ನೀನೇ ಬರೆದಿದ್ದೀಯೆ. ಅದರಲ್ಲಿ ಎಣಿಕೆಗೆ ಎನ್ (N) ಎಂಬ ಹೆಸರು ಬಳಸಿದ್ದೀಯಾ? ಇಷ್ಟಕ್ಕೇ ಉತ್ತರ ಬರೆ. ಬೇರೇನೂ ಬೇಡ.

ಪಾಟೀಲ


ಇಚಲಕರಂಜಿ
16 ಫೆಬ್ರವರಿ 1988

ಪಾಟೀಲ ಅವರಿಗೆ,

ಹೌದು. ಎನ್ ಎಂದೇ ಬಳಸಿದ್ದೇನೆ. ನಿಮ್ಮ ಕಾರ್ಡು ಓದಿದ ಮೇಲೆ ನನಗೆ ಹೊಳೆದದ್ದನ್ನು ಬರೆಯುತ್ತೇನೆ. ನಿಮಗೆ ಇದು ಮೊದಲೇ ಹೊಳೆದಿತ್ತು ಎಂಬುದೂ ಅದರಿಂದಲೇ ತಿಳಿಯಿತು. ಇಲ್ಲವಾದರೆ ಅಷ್ಟು ಹೆಸರುಗಳಲ್ಲಿ ಎನ್ ಒಂದನ್ನೇ ಯಾಕೆ ಕೇಳುತ್ತಿದ್ದಿರಿ?

ಡಿಸೆಂಬರಿನಲ್ಲಿ ಬಾಳಾಸಾಹೇಬರು ಒಂದು ಕೆಲಸ ಹೇಳಿದರು. ಹೋದ ಸಲ ಚೀಟಿ ಬಂದೂ ನೂಲು ಒಯ್ಯದೆ ಉಳಿದ ಶೆಡ್ಡುಗಳಿದ್ದರೆ ಆ ಪಾಲನ್ನೂ ಈ ಸಲದ ಚೀಟಿಗೆ ಸೇರಿಸಬೇಕು. ನಾನು ನಿಮ್ಮ ಪ್ರೋಗ್ರಾಮಿನೊಳಗೆ ಒಂದು ಚಿಕ್ಕ ಪ್ರೊಸೀಜರ್ ಬರೆದೆ. ಗಲ್ಲಿಯಲ್ಲಿ ಹಾಗೆ ಉಳಿದವರಿದ್ದರೆ ಮಾತ್ರ ಅದು ನಡೆಯುತ್ತದೆ. ಎಷ್ಟು ಶೆಡ್ಡು ಎಂದು ಎಣಿಸಿ, ಪಾಲು ಸೇರಿಸಿ, ಬಾಕಿ ಅಳಿಸಿ ಮುಗಿಯುತ್ತದೆ. ಆ ಎಣಿಕೆಗೆ ಎನ್ ಎಂದು ಹೆಸರಿಟ್ಟೆ. ಹೊರಗೆ ನೀವು ಗಲ್ಲಿಗಳನ್ನು ಎಣಿಸುವುದಕ್ಕೂ ಎನ್ ಎಂದೇ ಇಟ್ಟಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಟ್ಟೆ. ಒಳಮನೆಯ ಹೆಸರು ಗೋಡೆ ದಾಟುವುದಿಲ್ಲ ಎಂದು ಕಲಿಸಿದವರು ನೀವು.

ಮೊನ್ನೆ ಭಾನುವಾರ ಕಚೇರಿಯ ಬೀಗ ತೆಗೆಸಿ ಒಬ್ಬಳೇ ಕುಳಿತು ಪರೀಕ್ಷಿಸಿದೆ. ಹೊರಗೆ ಎನ್ ನಾಲ್ಕು ಎಂದು ಇಟ್ಟೆ. ಒಳಗಿನ ಪ್ರೊಸೀಜರಿನಲ್ಲಿ ಎನ್ ಏಳು ಎಂದು ಇಟ್ಟೆ. ಹೊರಗೆ ಬಂದು ಎನ್ ಎಷ್ಟು ಎಂದು ಕೇಳಿದೆ. ಏಳು ಎಂದಿತು. ನಿಮ್ಮ ಮನೆಗೆ ಗೋಡೆಯೇ ಇಲ್ಲ, ಸರ್. ಒಳಗೆ ಕುಳಿತವರು ಹೊರಗಿನವರ ಸಾಮಾನನ್ನು ಎತ್ತಿ ಇಟ್ಟರೂ ಯಾರೂ ಕೇಳುವುದಿಲ್ಲ.

ಮೊದಲ ಸೋಮವಾರ ನಾಲ್ಕನೇ ಗಲ್ಲಿಯಲ್ಲಿ ಬಾಕಿ ಉಳಿದವರು ಏಳು ಶೆಡ್ಡಿನವರು. ಮಶೀನು ತಾನು ಏಳನೇ ಗಲ್ಲಿ ಮುಗಿಸಿದೆ ಎಂದು ತಿಳಿದು ಎಂಟಕ್ಕೆ ಹೋಯಿತು. ಐದು, ಆರು, ಏಳರವರಿಗೆ ಚೀಟಿಯೇ ಬಂದಿರಲಿಲ್ಲ, ಹಾಗಾಗಿ ಮಶೀನು ಅವರನ್ನು ಬಾಕಿ ಎಂದು ಹಿಡಿಯಲಿಲ್ಲ. ಎರಡನೇ ಸಲ ನಾಲ್ಕನೇ ಗಲ್ಲಿಯಲ್ಲಿ ಉಳಿದವನು ಒಬ್ಬನೇ. ಒಂದನೇ ಗಲ್ಲಿ ಮುಗಿಯಿತು ಎಂದು ತಿಳಿದು ಮತ್ತೆ ಎರಡಕ್ಕೆ ಬಂತು. ಅಷ್ಟರಲ್ಲಿ ಬಾಕಿ ಅಳಿಸಿಹೋಗಿದ್ದರಿಂದ ಎರಡನೇ ಸುತ್ತಿನಲ್ಲಿ ನೆಟ್ಟಗೆ ಹೋಯಿತು. ಮೂರನೇ ಸಲ ಎಲ್ಲೂ ಯಾರೂ ಉಳಿದಿರಲಿಲ್ಲ, ಹಾಗಾಗಿ ಎಲ್ಲ ಸರಿಯಿತ್ತು. ಅದಕ್ಕೆ ನಾವು ಚಹಾ ಕುಡಿದೆವು.

ಇನ್ನೊಂದಿದೆ. ನಿಮ್ಮ ಮೊದಲ ಪತ್ರ ಓದಿ ಹೇಳಿದಾಗ ತೆಂಗಿನಕಾಯಿಯ ಸಾಲು ಬಿಟ್ಟೆ ಎಂದು ಬರೆದಿದ್ದೆ. ಬಿಟ್ಟದ್ದು ಅದೊಂದೇ ಅಲ್ಲ. "ನೀನು ಅದರಲ್ಲಿ ಏನಾದರೂ ಕೈಯಾಡಿಸಿದ್ದೀಯಾ" ಎಂಬ ಸಾಲನ್ನೂ ಬಿಟ್ಟೆ. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ. ಈ ಕಚೇರಿಯಲ್ಲಿ ಹೆಂಗಸು ನಾನೊಬ್ಬಳೇ. ಒಂದು ತಪ್ಪು ಸಿಕ್ಕರೆ ಸಾಕೆಂದು ಕಾದಿದ್ದಾರೆ. ಬಿಟ್ಟ ಸಾಲಿನ ಜಾಗಕ್ಕೆ ಹಣಮಂತ ಬಂದ.

25ಕ್ಕೆ ವಿಚಾರಣೆ. ನಾನು ಸೇರಿಸಿದ್ದನ್ನು ನಾನು ಹೇಳುತ್ತೇನೆ. ತಪ್ಪು ಕಲಿಸಿದ್ದನ್ನು ನೀವು ಬಂದು ಹೇಳಿರಿ. ನಿಮ್ಮ ಮಾತಿನಿಂದ ಕಳ್ಳನಾದವನು ನನ್ನ ಮಾತೊಂದರಿಂದ ಬಿಡುಗಡೆಯಾಗಲಾರ.

ಚೆನ್ನವ್ವ


ಕೊಲ್ಹಾಪುರ
19 ಫೆಬ್ರವರಿ 1988

ಚೆನ್ನವ್ವ,

ನಿನ್ನ ಪರೀಕ್ಷೆ ಸರಿಯಾಗಿದೆ. ಅಷ್ಟನ್ನು ಒಪ್ಪುತ್ತೇನೆ.

ಉಳಿದದ್ದನ್ನು ನೀನು ತಿಳಿದುಕೊಳ್ಳಬೇಕು. ನಾನು ಪುಣೆಯಲ್ಲಿ ಕಲಿತದ್ದು ಪಾಸ್ಕಲ್. ಆ ಭಾಷೆಯಲ್ಲಿ ಒಳಗಿನ ಪ್ರೊಸೀಜರಿನಲ್ಲಿ ಹೆಸರು ಹೇಳಿ ಇಟ್ಟರೆ ಅದು ಒಳಗಿನದೇ. ಗೋಡೆ ಇದೆ. ನಿಮಗೆ ಕಲಿಸಿದ ಡಿಬೇಸ್ ಭಾಷೆ ಆಮೇಲೆ ಬಂದದ್ದು, ಅಂಗಡಿಕಾರರಿಗೆಂದು ಮಾಡಿದ್ದು. ಅದರಲ್ಲಿ ಒಳಗಿನವನು ಹೊರಗಿನವನ ಹೆಸರನ್ನು ಹಿಡಿದೆಳೆಯಬಹುದು. ಎಳೆಯಬಾರದು ಎಂದರೆ ಒಳಗೆ ಮೊದಲ ಸಾಲಿನಲ್ಲಿ ಎನ್ ಪ್ರೈವೇಟ್ ಎಂದು ಸಾರಬೇಕು. ಮ್ಯಾನ್ಯುಯಲ್‌ನಲ್ಲಿ ಹಾಗೆಂದು ಬರೆದಿದೆ.

ಆ ಪುಟ ನಾನು ನೋಡಿದ್ದು ಹೋದ ದೀಪಾವಳಿಯಲ್ಲಿ. ನಿಮ್ಮ ಬ್ಯಾಚು ಮುಗಿದಿತ್ತು. ನಿಮಗೆ ತಿಳಿಸಬೇಕೇ ಎಂದು ಒಮ್ಮೆ ಯೋಚಿಸಿದೆ. ಬೇಡ ಎನಿಸಿತು. ನಿಮ್ಮಲ್ಲಿ ಯಾರಾದರೂ ಒಬ್ಬರು ನಾನು ಬರೆದುಕೊಟ್ಟದ್ದರ ಆಚೆ ಸ್ವಂತ ಪ್ರೊಸೀಜರ್ ಬರೆಯುವ ಮಟ್ಟಕ್ಕೆ ಬರುತ್ತೀರಿ ಎಂದು ನನಗೆ ಅನ್ನಿಸಲೇ ಇಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಒಳಗಿನ ಪ್ರೊಸೀಜರಿನ ತಲೆಗೆ ಆ ಒಂದು ಸಾಲು ಸೇರಿಸು. ವೋಲ್ಟೇಜು ಏರಿಳಿದು ಯಂತ್ರಕ್ಕೆ ತೊಂದರೆಯಾಗಿತ್ತು ಎಂದು ಚೇರಮನ್‌ರಿಗೆ ಹೇಳು. ಇಚಲಕರಂಜಿಯಲ್ಲಿ ಅದನ್ನು ನಂಬದವರಿಲ್ಲ. ಗೋದಾಮಿನವನನ್ನು ಬೇಸಿಗೆಯ ಹೊತ್ತಿಗೆ ತಾವಾಗಿಯೇ ಕರೆಯುತ್ತಾರೆ. ಅವನಂತೆ ಚೀಲ ಹೊರುವವರು ಅವರಿಗೂ ಬೇಕು. ಹೆಸರು ಎತ್ತಿ, ತಪ್ಪು ಎತ್ತಿ ಯಾರಿಗೂ ಲಾಭವಿಲ್ಲ. ಎರಡನೇ ಯಂತ್ರದ ಮಾತು ಕೈಗೆ ಬಂದಿದೆ. ನಿನ್ನ ಕೆಲಸ ಕಾಯಂ ಮಾಡಿಸುವಂತೆ ನಾನೂ ಒಂದು ಮಾತು ಹೇಳುತ್ತೇನೆ.

25ಕ್ಕೆ ನನಗೆ ಇಲ್ಲಿ ಪರೀಕ್ಷೆ ಇದೆ. ಬರಲಾಗುವುದಿಲ್ಲ.

ಬಾಳಗೊಂಡ ಪಾಟೀಲ


ಗಡಹಿಂಗ್ಲಜ
1 ಮಾರ್ಚ್ 1988

ಬಾಳಗೊಂಡ ಪಾಟೀಲರಿಗೆ,

ನಿಮ್ಮ ಪರೀಕ್ಷೆ ಹೇಗಾಯಿತು? ಎಲ್ಲರೂ ಪಾಸಾದರೇ?

ನಮ್ಮ ವಿಚಾರಣೆ ನಡೆಯಿತು. ಹಣಮಂತ ಬಾಗಿಲ ಬಳಿ ನಿಂತಿದ್ದ. ಕುಳಿತುಕೋ ಎಂದು ಯಾರೂ ಹೇಳಲಿಲ್ಲ. ಬಾಳಾಸಾಹೇಬರು ನಿಮ್ಮ ಅಭಿಪ್ರಾಯವನ್ನು ತಮ್ಮ ಅಕ್ಷರದಲ್ಲಿ ಬರೆದುಕೊಂಡಿದ್ದನ್ನು ಓದಿದರು. ನಾನು ಎದ್ದು ಹೇಳಿದೆ, ಕಳ್ಳತನ ಆಗಿಲ್ಲ, ನಾನು ಮಶೀನಿನೊಳಗೆ ಬರೆದ ಒಂದು ಹೆಸರಿನಿಂದ ಹೀಗಾಯಿತು. ಚೇರಮನ್‌ರು ಮೊದಲು ನಕ್ಕರು. ಎಲ್ಲರನ್ನೂ ಮಶೀನಿನ ಕೋಣೆಗೆ ಕರೆದೊಯ್ದೆ. ನಾಲ್ಕನೇ ಗಲ್ಲಿಯಲ್ಲಿ ಏಳು ಶೆಡ್ಡು ಬಾಕಿ ಎಂದು ಇಟ್ಟು ನಡೆಸಿದೆ. ನಾಲ್ಕರ ನಂತರ ಪ್ರಿಂಟರ್ ಎಂಟನೇ ಗಲ್ಲಿ ಎಂದು ಹೊಡೆಯಿತು.

ಆಮೇಲೆ ಚೇರಮನ್‌ರು ಬಾಳಾಸಾಹೇಬರ ಕಡೆ ತಿರುಗಿ ಹೇಳಿದ್ದು ಒಂದೇ ಮಾತು. "ಮಶೀನ ಚುಕತೇ ಹೇ ಬಾಹೇರ ಕುಣಾಲಾ ಕಳತಾ ಕಾಮಾ ನಯೇ." ಮಶೀನು ತಪ್ಪುತ್ತದೆ ಎಂದು ಹೊರಗೆ ಯಾರಿಗೂ ತಿಳಿಯಬಾರದು. ಹಣಮಂತ ಅಲ್ಲೇ ಹೊಸ್ತಿಲ ಆಚೆ ಇದ್ದ. ಅವನಿಗೆ ತಿಳಿದರೆ ಚಿಂತೆಯಿಲ್ಲ ಎಂದು ಕಾಣುತ್ತದೆ.

ನಡಾವಳಿಯಲ್ಲಿ "ತಾಂತ್ರಿಕ ಅಡಚಣೆ" ಎಂದು ಬರೆದರು. ಹಣಮಂತ ನಿರ್ದೋಷಿ ಎಂದು ಬರೆಯಿರಿ ಎಂದೆ. ಬಾಳಾಸಾಹೇಬರು ಪೆನ್ನು ಮುಚ್ಚಿದರು. ಹಾಗೆ ಬರೆದರೆ ಯಾಕೆ ಕೆಲಸದಿಂದ ನಿಲ್ಲಿಸಿದಿರಿ ಎಂದು ಜನ ಕೇಳುತ್ತಾರಂತೆ. ಕೆಲಸಕ್ಕೆ ಬಾ ಎಂದು ಮಾತ್ರ ಹೇಳಿದರು. ಹಣಮಂತ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ನನ್ನನ್ನು ಒಂದು ವಾರ ಮನೆಗೆ ಕಳಿಸಿದ್ದಾರೆ. ಶಿಕ್ಷೆ ಅಂತೆ. ಪೂರ್ತಿ ತೆಗೆಯುತ್ತಿದ್ದರು, ಮಶೀನು ನಡೆಸುವವರು ಬೇರೆ ಯಾರೂ ಇಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಕ್ಲಾಸು ಉಪಯೋಗಕ್ಕೆ ಬಂತು.

ನಿಮ್ಮ ಸಲಹೆ ಓದಿದೆ. ತಪ್ಪನ್ನು ವೋಲ್ಟೇಜಿನ ಮೇಲೆ ಹಾಕಬೇಕಿತ್ತಂತೆ. ನೀವು ನಮ್ಮಲ್ಲಿ ಯಾರನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂಬುದನ್ನು ಸಂಕೋಚವಿಲ್ಲದೆ ಬರೆದಿದ್ದೀರಿ. ನನಗೆ ಅದರಿಂದ ಸಿಟ್ಟು ಬರಲಿಲ್ಲ. ನಿಮ್ಮ ಮುಂದೆ ಆರು ತಿಂಗಳು ಕೈ ಎತ್ತಿ ಕುಳಿತಿದ್ದ ನನ್ನ ಮೇಲೆ ನಗು ಬಂತು.

ಇಲ್ಲಿಗೆ ಬರುವ ಮೊದಲು ಹಣಮಂತನ ಮನೆಗೆ ಹೋಗಿದ್ದೆ. ಅವನು ಸೊಸೈಟಿಗೆ ಹಿಂದಿರುಗುವುದಿಲ್ಲ. ಏಳನೇ ಗಲ್ಲಿಯ ಜಿನಗೊಂಡ ತಮ್ಮ ಶೆಡ್ಡಿನಲ್ಲಿ ಕೆಲಸ ಕೊಟ್ಟಿದ್ದಾರೆ. ನೂಲು ಸಿಗದೆ ಮಗ್ಗ ನಿಂತದ್ದು ಅವರದೇ. ಆದರೂ ಹಣಮಂತ ಕದ್ದಿದ್ದಾನೆಂದು ಅವರು ಒಂದು ದಿನವೂ ನಂಬಲಿಲ್ಲವಂತೆ. ಹಣಮಂತ ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಪಾಲಿನದು. ನಿಮ್ಮ ಪಾಲಿನದು ಉಳಿದಿದೆ, ಹೋಗಿ ತೆಗೆದುಕೊಳ್ಳಿರಿ.

ಚೆನ್ನವ್ವ


ಕೊಲ್ಹಾಪುರ
12 ಮಾರ್ಚ್ 1988

ಚೆನ್ನವ್ವ ಅವರಿಗೆ,

ನಿಮ್ಮ ಪತ್ರಕ್ಕೆ ಎರಡು ಉತ್ತರ ಬರೆದು ಹರಿದೆ. ಎರಡರಲ್ಲೂ ನಾನು ಪುಣೆಯಲ್ಲಿ ಏನು ಕಲಿತೆ ಎಂಬುದೇ ತುಂಬಿತ್ತು.

ನಿನ್ನೆ ಇಚಲಕರಂಜಿಗೆ ಹೋಗಿದ್ದೆ. ಸೊಸೈಟಿಯ ಕಡೆ ಹೋಗಲಿಲ್ಲ. ಚೇರಮನ್‌ರು ಎರಡನೇ ಯಂತ್ರಕ್ಕೆ ಆರ್ಡರ್ ಕಳಿಸಿದ್ದಾರೆ, ಇಷ್ಟೆಲ್ಲ ಆದ ಮೇಲೂ. ನಾನು ಅದನ್ನು ಬೇಡ ಎಂದಿಲ್ಲ. ಬೇಡ ಎನ್ನುತ್ತೇನೆ ಎಂದು ನಿಮಗೆ ಮಾತು ಕೊಡುವುದೂ ಇಲ್ಲ. ನನ್ನ ಬಗ್ಗೆ ನನಗೆ ಅಷ್ಟು ಭರವಸೆ ಈಗ ಉಳಿದಿಲ್ಲ. ಹಳೆಯ ವಿದ್ಯಾರ್ಥಿಗಳಿಗೆಲ್ಲ ಆ ಗೋಡೆಯ ಪಾಠ ತಪ್ಪು ಎಂದು ಪತ್ರ ಹಾಕಿದ್ದೇನೆ. ಒಬ್ಬ ಉತ್ತರ ಬರೆದಿದ್ದಾನೆ, ತನಗೆ ಅದು ಹೋದ ವರ್ಷವೇ ತಿಳಿದಿತ್ತು ಎಂದು. ನನಗೆ ಹೇಳಿ ಪ್ರಯೋಜನವಿಲ್ಲ ಎಂದು ಸುಮ್ಮನಿದ್ದನಂತೆ.

ಏಳನೇ ಗಲ್ಲಿ ಹುಡುಕುವುದು ಕಷ್ಟವಾಗಲಿಲ್ಲ. ಜಿನಗೊಂಡರ ಶೆಡ್ಡಿನಲ್ಲಿ ಮೂಲೆಯ ಮಗ್ಗದ ಮುಂದೆ ಒಬ್ಬ ನಿಂತಿದ್ದ. ನಾನು ಅವನನ್ನು ಹಿಂದೆ ಕಂಡಿದ್ದೆ. ಯಂತ್ರ ತಂದ ದಿನ ಲಾರಿಯಿಂದ ಪೆಟ್ಟಿಗೆ ಇಳಿಸುವಾಗ, ಎತ್ತಿ ಹಿಡಿ, ಕೈ ಒರೆಸಿಕೊಂಡು ಮುಟ್ಟು ಎಂದು ನಾನು ಗದರಿಸಿದ್ದು ಇವನನ್ನೇ. ಈಗ ನೆನಪಾಯಿತು. ಗೋದಾಮಿನವನು ಎಂದು ಬರೆಯುವಾಗ ನೆನಪಾಗಿರಲಿಲ್ಲ.

"ಯಾರ ಬೇಕಾಗಿತ್ರಿ?" ಎಂದ.

ನನ್ನ ಹೆಸರು ಹೇಳಿದೆ. ಕೊಲ್ಹಾಪುರದವನು, ಮಶೀನಿನ ಪ್ರೋಗ್ರಾಮು ಬರೆದವನು ಎಂದೆ. ಅವನು ಮಗ್ಗ ನಿಲ್ಲಿಸಿದ.

"ಕಾಗದಾ ಬರ್ದಾವ್ರು ನೀವ ಏನ್ರಿ?"

"ಹೌದು, ನಾನೇ."

"ಬರಿಯೋವಾಗ ನನ್ನ ಹೆಸರ ಗೊತ್ತಿತ್ತೇನ್ರಿ ನಿಮಗ?"

"ಇಲ್ಲ."

"ಮತ್ತ ಕಳ್ಳಾ ಅಂತ ಯಾರನ್ನ ಬರದ್ರಿ?"

ನಾನು ವಿವರಿಸಲು ಶುರುಮಾಡಿದೆ. ಹೊರಗೆ ಒಂದು ಎನ್ ಇತ್ತು, ಒಳಗೆ ಇನ್ನೊಂದು, ಎರಡೂ ಬೇರೆ ಎಂದು ತಿಳಿದಿದ್ದೆವು, ಎರಡೂ ಒಂದೇ ಆಗಿತ್ತು. ನೀವು ಆಶ್ಚರ್ಯಪಡಬಹುದು, ನಾನು ಕ್ಲಾಸಿನಲ್ಲಿ ಎಂದೂ ಅಷ್ಟು ತಿಳಿಯಾಗಿ ಹೇಳಿರಲಿಲ್ಲ. ಅವನು ಕಡಿದುಹೋದ ಎಳೆಯೊಂದನ್ನು ಬೆರಳಿನಲ್ಲಿ ಹೊಸೆದು ಗಂಟು ಹಾಕುತ್ತ, ನಾನು ಮುಗಿಸುವವರೆಗೂ ಕೇಳಿದ. ಆಮೇಲೆ ಹೇಳಿದ.

"ಅದು ಮಶೀನಿನ ಮಾತಾತ್ರಿ. ನಾ ಕೇಳಿದ್ದು ನಿಮ್ಮ ಮಾತ."

ನಾನು ತಪ್ಪಾಯಿತು ಎಂದೆ. ಅವನು ಗಂಟು ಬಿಗಿದು ಎಳೆಯ ತುದಿ ಕತ್ತರಿಸಿದ. ಸ್ವಲ್ಪ ಸರಿದು ನಿಲ್ಲಿರಿ ಎಂದು ಕೈ ಮಾಡಿದ. ನಾನು ನೇಯ್ದ ಬಟ್ಟೆಯ ಮೇಲೆ ಕಾಲಿಟ್ಟು ನಿಂತಿದ್ದೆ. ಸರಿದೆ. ಅವನು ಹಿಡಿಕೆ ಎಳೆದ, ಮಗ್ಗ ಚಾಲೂ ಆಯಿತು. ಆ ಸದ್ದಿನಲ್ಲಿ ಕೂಗಿದರೂ ಕೇಳುವಂತಿರಲಿಲ್ಲ. ಅವನು ಮತ್ತೆ ನನ್ನ ಕಡೆ ನೋಡಲಿಲ್ಲ. ಬಾಗಿಲ ಹತ್ತಿರ ಒಂದಿಷ್ಟು ಹೊತ್ತು ನಿಂತಿದ್ದು ಬಸ್ ಸ್ಟ್ಯಾಂಡಿಗೆ ನಡೆದೆ.

ಬಾಳಗೊಂಡ